ಗಾಜಿನ ಕಡಲಿನಲ್ಲಿ ಸಹವಾಸ

ನಮ್ಮ ಪ್ರಾಚೀನ ರಾಜನೀತಿಗ್ರಂಥಗಳಲ್ಲಿ 'ಮತ್ಸ್ಯನ್ಯಾಯ' ಎಂಬ ಮಾತೊಂದುಂಟು. ದಂಡಧರನಾದ ಅರಸನಿಲ್ಲದ ನಾಡಿನಲ್ಲಿ, ನೀರಿನೊಳಗಿನ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಹಾಗೆ, ಬಲಿಷ್ಠನು ದುರ್ಬಲನನ್ನು ನುಂಗಿಬಿಡುವನೆಂಬುದು ಅದರ ತಾತ್ಪರ್ಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ಪ್ರಸ್ತಾಪವು ಬಂದಿದೆ. ಪಾಠಶಾಲೆಯಲ್ಲಿ ಅನೇಕ ವರ್ಷಗಳ ಕಾಲ ಮಕ್ಕಳಿಗೆ ಈ ಶಬ್ದದ ಅರ್ಥವನ್ನು ವಿವರಿಸುತ್ತ ಬಂದವನು ನಾನು. ಆದರೆ ಅದರ ನಿಜಸ್ವರೂಪವನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, ನಮ್ಮ ಮನೆಯ ಹಜಾರದಲ್ಲಿರಿಸಿದ ಮೂರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ. ಅಲ್ಲಿ ನಾನು ಕಲಿತ ಪಾಠವು ಇತರ ಗೃಹಸ್ಥರಿಗೂ ಉಪಯೋಗವಾದೀತೆಂಬ ಭಾವನೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಕಡಲ ಮೀನುಗಳನ್ನು ಮನೆಯಲ್ಲಿ ಸಾಕುವುದು ಹೊಸ ಸಂಗತಿಯೇನೂ ಅಲ್ಲ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹವು ತೆರೆಯಲ್ಪಟ್ಟದ್ದು ೧೮೫೩ರಲ್ಲಿ. ಆ ಕೆಲಸದಲ್ಲಿ ನೆರವಾಗಿದ್ದ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನು ಮರುವರ್ಷವೇ ಪುಸ್ತಕವೊಂದನ್ನು ಬರೆದು, ಕಡಲನ್ನು ಹಜಾರದಲ್ಲಿಟ್ಟುಕೊಳ್ಳುವ ಆಸೆಯನ್ನು ಇಂಗ್ಲೆಂಡಿನ ಮನೆಮನೆಗೂ ಹಬ್ಬಿಸಿದನು. ಅಂದಿನವರಿಗೆ ನೀರನ್ನು ಶುದ್ಧವಾಗಿಡುವುದೇ ದೊಡ್ಡ ಸಾಹಸವಾಗಿತ್ತು. ಇಂದು ಅದಕ್ಕೆ ಪಂಪು, ಶೋಧಕ, ಹೀಟರು, ದೀಪ, ಚೀಲಗಳಲ್ಲಿ ದೊರೆಯುವ ಕೃತಕ ಸಮುದ್ರದ ಉಪ್ಪು ಎಲ್ಲವೂ ಉಂಟು. ಆದುದರಿಂದ ಕಡಲಿನಿಂದ ನೂರಾರು ಮೈಲಿ ದೂರದ ಊರಿನಲ್ಲಿಯೂ ಸಮುದ್ರದ ನೀರನ್ನು ಮಾಡಿಕೊಳ್ಳಬಹುದು. ಆದರೆ ಯಾವ ಮೀನನ್ನು ಯಾವ ಮೀನಿನ ಜೊತೆಗೆ ಇರಿಸಬೇಕೆಂಬುದನ್ನು ಹೇಳುವ ಯಂತ್ರವು ಇನ್ನೂ ಬಂದಿಲ್ಲ. ಅದು ಮನೆಯ ಯಜಮಾನನ ವಿವೇಚನೆಗೆ ಬಿಟ್ಟ ವಿಷಯ.

ಮೊದಲಿಗೆ ನೀರಿನ ವಿಷಯವಾಗಿ ಎರಡು ಮಾತು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುವುವು. ಕಡಲ ಮೀನಿನ ರಕ್ತದಲ್ಲಿರುವ ಲವಣವಾದರೋ ಅದರ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಆ ಕಾರಣದಿಂದ ಮೀನಿನ ಮೈಯೊಳಗಿನ ನೀರು ಸದಾ ಹೊರಕ್ಕೆ ಸೋರಿಹೋಗುತ್ತಿರುವುದು; ಅದು ಸಮುದ್ರದ ನೀರನ್ನೇ ಕುಡಿಯುತ್ತ, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತ ಬದುಕಬೇಕು. ನೀರಿನಲ್ಲಿದ್ದೂ ಬಾಯಾರಿದ ಪ್ರಾಣಿಯೆಂದರೆ ಇದೇ. ಕೆರೆಯ ಮೀನಿನ ಸ್ಥಿತಿ ಇದಕ್ಕೆ ನೇರ ವಿರುದ್ಧವಾದುದರಿಂದ ಸಿಹಿನೀರಿನ ಮೀನಿಗೂ ಕಡಲಿನ ಮೀನಿಗೂ ಒಂದೇ ತೊಟ್ಟಿಯಲ್ಲಿ ಸಹವಾಸವೆಂಬುದೇ ಇಲ್ಲ. ಅಲ್ಲದೆ ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನನ್ನು ಬಿಡಬಾರದು. ಮೀನಿನ ವಿಸರ್ಜನೆಯಿಂದ ಅಮೋನಿಯವೆಂಬ ವಿಷವು ಹುಟ್ಟುವುದು. ಅದನ್ನು ಮೊದಲು ನೈಟ್ರೈಟನ್ನಾಗಿಯೂ ಅನಂತರ ಅಷ್ಟೊಂದು ಕೇಡಿಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲುಮರಳುಗಳಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಹಿಡಿಯುವುವು. ಅಲ್ಲಿಯವರೆಗೆ ಬರಿಯ ನೀರನ್ನು ನೋಡುತ್ತ ಕುಳಿತಿರುವ ತಾಳ್ಮೆಯು ಬೇಕು.

ನನಗೆ ಆ ತಾಳ್ಮೆಯು ಇರಲಿಲ್ಲ. ಅಂಗಡಿಯವರೊಬ್ಬರು, "ಗಟ್ಟಿ ಮೀನೊಂದನ್ನು ಮೊದಲು ಬಿಟ್ಟುಬಿಡಿ ಸ್ವಾಮಿ, ತೊಟ್ಟಿ ಬೇಗ ಹದಕ್ಕೆ ಬರುತ್ತದೆ" ಎಂದು ಹೇಳಿ, ಅಂಗುಲದುದ್ದದ ಕರಿಯ ಮೀನೊಂದನ್ನು ಕೊಟ್ಟರು. ಹಣೆಯ ಮೇಲೊಂದು, ಎರಡು ಪಕ್ಕಗಳಲ್ಲಿ ಒಂದೊಂದು, ಹೀಗೆ ಮೂರು ಬಿಳಿಯ ಬೊಟ್ಟುಗಳು. ಡಾಮಿನೋ ಡ್ಯಾಮ್ಸೆಲ್ ಎಂದು ಅದರ ಹೆಸರು. ಬೆಲೆಯು ಅಗ್ಗ, ನೋಡಲು ಮುದ್ದು. ಅದು ಎರಡು ತಿಂಗಳು ಒಬ್ಬಂಟಿಯಾಗಿ ತೊಟ್ಟಿಯ ಕಲ್ಲುಗಳನ್ನೆಲ್ಲ ಸುತ್ತಿ ಸುಖವಾಗಿತ್ತು. ಆಮೇಲೆ ನಾನು ಫೈರ್‌ಫಿಷ್ ಎಂಬ ಮತ್ತೊಂದು ಮೀನನ್ನು ತಂದೆನು. ಮುಂಭಾಗವು ಮುತ್ತಿನ ಬಿಳುಪು, ಹಿಂಭಾಗವು ಕೆಂಡದ ಕೆಂಪು, ಬೆನ್ನಿನ ಮೇಲೆ ಬಾವುಟದ ಕೋಲಿನಂತಹ ನೀಳವಾದ ಮುಳ್ಳು, ಬಲು ಸಾಧುಪ್ರಾಣಿ. ಎರಡು ದಿನ ಅದು ಒಂದು ಮೂಲೆಯಲ್ಲಿ ಪಂಪಿನ ಹಿಂದೆ ಅವಿತುಕೊಂಡಿತ್ತು. ಹೊಸ ಮನೆ, ಅಭ್ಯಾಸವಾಗಲೆಂದು ಸುಮ್ಮನಾದೆನು. ಮೂರನೆಯ ದಿನ ಬೆಳಗ್ಗೆ ನೋಡಿದರೆ ತೊಟ್ಟಿಯ ಹಿಂದಿನ ನೆಲದ ಮೇಲೆ ಒಣಗಿ ಬಿದ್ದಿತ್ತು.

"ಹಾರುವ ಜಾತಿ ಅಮ್ಮಣ್ಣಿ, ಎಚ್ಚರ ತಪ್ಪಿ ಹೊರಗೆ ಹಾರಿಬಿಟ್ಟಿತು" ಎಂದು ಏಳು ವರ್ಷದ ಮೊಮ್ಮಗಳಿಗೆ ಸಮಾಧಾನ ಹೇಳಿದೆನು. ಅವಳು ತೊಟ್ಟಿಯೊಳಗೆ ನಿಶ್ಚಿಂತೆಯಾಗಿ ತಿರುಗುತ್ತಿದ್ದ ಕರಿಯ ಮೀನನ್ನು ನೋಡಿ, "ಒಳಗೆ ಇರೋದಕ್ಕೆ ಜಾಗ ಇಲ್ಲದ್ದಕ್ಕೇ ಅದು ಹೊರಗೆ ಹೋಯಿತಲ್ಲವೇ ತಾತಾ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತರಗತಿಯಲ್ಲಿ ಮಕ್ಕಳು ಉತ್ತರ ತಿಳಿಯದೆ ನಿಂತಾಗ ಬೆಂಚಿನ ಮೇಲೆ ನಿಲ್ಲಿಸಿದ್ದುಂಟು; ಆ ದಿನ ನನ್ನನ್ನೇ ನಿಲ್ಲಿಸಬೇಕಾಗಿತ್ತು.

ಆ ಮಗುವಿನ ಮಾತಿನಲ್ಲಿಯೇ ಈ ವಿದ್ಯೆಯ ಸಾರವೆಲ್ಲವೂ ಇದೆ. ಕಡಲಿನಲ್ಲಿ ಜಗಳವಿಲ್ಲವೆಂದಲ್ಲ, ಅಲ್ಲಿ ಸೋತವನಿಗೆ ಓಡಿಹೋಗಲು ದಾರಿಯುಂಟು. ಹತ್ತು ಮಾರು ದೂರ ಈಜಿ ಇನ್ನೊಂದು ಹವಳದ ಬಂಡೆಯನ್ನು ಸೇರಿಕೊಂಡರೆ ಅಟ್ಟಿಬಂದವನೂ ಹಿಂದಿರುಗುವನು. ತೊಟ್ಟಿಯಲ್ಲಿ ಆ ದಾರಿಯನ್ನು ನಾವು ಗಾಜಿನಿಂದ ಮುಚ್ಚಿರುವೆವು. ಓಡುವ ದಾರಿಯನ್ನು ಮುಚ್ಚಿದವನ ಮೇಲೆಯೇ ರಕ್ಷಣೆಯ ಭಾರವೂ ಬೀಳುವುದು ಧರ್ಮ. ಮತ್ಸ್ಯನ್ಯಾಯವನ್ನು ತಡೆಯುವ ಅರಸನು ಇಲ್ಲಿ ಗೃಹಸ್ಥನೇ. ಅವನ ಕೈಯಲ್ಲಿರುವ ದಂಡವೆಂದರೆ ಯಾರನ್ನು ಪುರಪ್ರವೇಶ ಮಾಡಿಸಬೇಕು, ಯಾರನ್ನು ಮಾಡಿಸಬಾರದು ಎಂಬ ತೀರ್ಮಾನವೊಂದೇ. ಒಳಗೆ ಬಿಟ್ಟಮೇಲೆ ಬುದ್ಧಿ ಹೇಳಿ ಸರಿಪಡಿಸುವುದು ಸಾಧ್ಯವಿಲ್ಲ.

ಹಾಗಾದರೆ ಆಯ್ಕೆಯ ಕ್ರಮವೇನು? ನಾನು ಕಂಡಮಟ್ಟಿಗೆ ಐದು ಸಂಗತಿಗಳನ್ನು ವಿಚಾರಿಸಬೇಕು.

ಮೊದಲನೆಯದು ಬಾಯಿಯ ಅಳತೆ. ಒಂದು ಮೀನಿನ ಬಾಯಿಯಲ್ಲಿ ಇನ್ನೊಂದು ಹಿಡಿಯುವಂತಿದ್ದರೆ, ಇಂದಲ್ಲದಿದ್ದರೆ ನಾಳೆ ಅದು ಆಹಾರವೇ ಸರಿ. ಲಯನ್‌ಫಿಷ್ ಎಂಬ ಸಿಂಹಮೀನು ಗರಿಗೆದರಿದ ನವಿಲಿನಂತೆ ಗಂಭೀರವಾಗಿ ತೇಲುವುದು, ಜಗಳಗಂಟಿಯೂ ಅಲ್ಲ. ಆದರೆ ಬಾಯಿಗೆ ಹಿಡಿಯುವ ಮೀನುಗಳನ್ನೆಲ್ಲ ಸದ್ದಿಲ್ಲದೆ ನುಂಗಿಬಿಡುವುದು. ಅದರ ಮುಳ್ಳುಗಳಲ್ಲಿ ವಿಷವಿರುವುದರಿಂದ ಮಕ್ಕಳಿರುವ ಮನೆಗೆ ಇನ್ನೂ ಸಲ್ಲದು. ಮೀನನ್ನು ಕೊಳ್ಳುವಾಗ ಅದು ಈಗ ಎಷ್ಟಿದೆಯೆಂದು ನೋಡದೆ, ಬೆಳೆದಮೇಲೆ ಎಷ್ಟಾಗುವುದೆಂದು ಕೇಳಬೇಕು. ನನ್ನ ಅಂಗುಲದುದ್ದದ ಕರಿಮೀನು ಪೂರ್ಣವಾಗಿ ಬೆಳೆದರೆ ಐದು ಅಂಗುಲವನ್ನು ಮೀರುವ ಜಾತಿಯದು.

ಎರಡನೆಯದು ರೂಪಸಾಮ್ಯ. ಒಂದೇ ಜಾತಿಯವು ಒಟ್ಟಾಗಿ ಸಂತೋಷವಾಗಿರುವುವೆಂದು ನಾವು ಸಹಜವಾಗಿ ಭಾವಿಸುವೆವು. ಹವಳದ ದಿಬ್ಬದ ಮೀನುಗಳಲ್ಲಿ ಬಹುಮಟ್ಟಿಗೆ ಇದು ತಲೆಕೆಳಗು. ಆಸ್ಟ್ರಿಯಾ ದೇಶದ ಕೊನ್ರಾಡ್ ಲೊರೆನ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು, ೧೯೭೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು, ಪ್ರಾಣಿಗಳ ಕಲಹಸ್ವಭಾವವನ್ನು ಕುರಿತು ೧೯೬೩ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥವನ್ನು ಈ ಮೀನುಗಳ ವರ್ಣನೆಯಿಂದಲೇ ಆರಂಭಿಸಿರುವರು. ಅನ್ಯಜಾತಿಯ ಮೀನುಗಳನ್ನು ಸಹಿಸುವ ಮೀನು ತನ್ನ ಜಾತಿಯದೇ ಆದ ಇನ್ನೊಂದನ್ನು ಕಂಡೊಡನೆ ಮೇಲೆ ಬೀಳುವುದನ್ನು ಅವರು ತೊಟ್ಟಿಗಳಲ್ಲಿಯೂ ಕಡಲಿನಲ್ಲಿಯೂ ಗಮನಿಸಿದರು. ಕಾರಣವು ಸ್ಪಷ್ಟ: ಒಂದೇ ಆಹಾರಕ್ಕೂ ಒಂದೇ ಬಿಲಕ್ಕೂ ಸ್ಪರ್ಧಿಯಾಗಿ ಬರುವವನು ಸಜಾತೀಯನೇ. ಬಡಗಿಗೆ ಪಕ್ಕದ ಬೀದಿಯ ಬಡಗಿಯೇ ಎದುರಾಳಿಯಲ್ಲದೆ ಕುಂಬಾರನಲ್ಲವಷ್ಟೆ! ಆದುದರಿಂದ ಬಣ್ಣ, ಆಕಾರ, ಊಟ ಈ ಮೂರರಲ್ಲಿಯೂ ಒಂದನ್ನೊಂದು ಹೋಲುವ ಎರಡು ಮೀನುಗಳನ್ನು ಸಣ್ಣ ತೊಟ್ಟಿಯಲ್ಲಿ ಸೇರಿಸಬಾರದು. ಜೊತೆಯಾಗಿ ಬಾಳುವ ಜಾತಿಗಳು ಇದಕ್ಕೆ ಅಪವಾದ.

ಮೂರನೆಯದು ವಾಸಸ್ಥಾನ. ಕೆಲವು ಮೀನುಗಳು ಮರಳಿನ ಮೇಲೆ, ಕೆಲವು ಕಲ್ಲಿನ ಸಂದುಗಳಲ್ಲಿ, ಕೆಲವು ನಡುನೀರಿನಲ್ಲಿ ಬದುಕುವುವು. ಒಂದೊಂದು ಅಂತಸ್ತಿಗೆ ಒಂದೊಂದು ಬಗೆಯದನ್ನು ಆರಿಸಿದರೆ ಅರ್ಧ ವ್ಯಾಜ್ಯವು ತಾನಾಗಿಯೇ ತಪ್ಪುವುದು. ಟ್ಯಾಂಗ್ ಎಂಬ ಮೀನುಗಳು ದಿನವೆಲ್ಲ ಈಜುತ್ತಲೇ ಇರತಕ್ಕವು. ಬಾಲದ ಬುಡದಲ್ಲಿ ಶಸ್ತ್ರವೈದ್ಯನ ಚೂರಿಯಂತಹ ಹರಿತವಾದ ಮುಳ್ಳುಳ್ಳವು. ಚಲನಚಿತ್ರದಿಂದ ಮಕ್ಕಳಿಗೆ ಪರಿಚಿತವಾದ ನೀಲಿ ಟ್ಯಾಂಗ್ ಒಂದಡಿಯವರೆಗೆ ಬೆಳೆಯಬಲ್ಲುದು. ಮೂರಡಿಯ ತೊಟ್ಟಿಯು ಅದಕ್ಕೆ ಸೆರೆಮನೆಯಲ್ಲದೆ ಮನೆಯಾಗಲಾರದು.

ನಾಲ್ಕನೆಯದು ಊಟ. ಕಲಹವಿಲ್ಲದೆಯೂ ಒಂದು ಮೀನು ಇನ್ನೊಂದನ್ನು ಕೊಲ್ಲಬಲ್ಲುದು; ಹೇಗೆಂದರೆ, ಅದರ ಪಾಲನ್ನೂ ತಾನೇ ತಿಂದು. ಪಂಕ್ತಿಯಲ್ಲಿ ಸಂಕೋಚದವನಿಗೆ ಪಾಯಸವು ತಪ್ಪುವುದನ್ನು ನಾವು ಕಂಡಿಲ್ಲವೇ? ನಿಧಾನವಾಗಿ ತಿನ್ನುವ ಮೀನನ್ನು ಆತುರಗಾರರ ನಡುವೆ ಬಿಡಬಾರದು. ಇನ್ನು ಕೆಲವಕ್ಕೆ ನಾವು ಕೊಡುವ ಊಟವೇ ಒಗ್ಗದು. ಚಿಟ್ಟೆಮೀನುಗಳಲ್ಲಿ ಹಲವು ಜೀವಂತ ಹವಳವನ್ನೇ ತಿಂದು ಬಾಳುವುವು. ಮ್ಯಾಂಡರಿನ್ ಮೀನು ಕಲ್ಲುಗಳ ಮೇಲೆ ಹರಿದಾಡುವ ಅಣುಗಾತ್ರದ ಜೀವಿಗಳನ್ನೇ ದಿನವಿಡೀ ಹೆಕ್ಕಿ ತಿನ್ನುವುದು. ಇತರ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ತಿಂದು ಬದುಕುವ ಕ್ಲೀನರ್ ರ್‍ಯಾಸ್ ಎಂಬುದಕ್ಕೆ ನಾಲ್ಕಾರು ಮೀನುಗಳ ತೊಟ್ಟಿಯಲ್ಲಿ ಹೊಟ್ಟೆ ತುಂಬುವುದೆಂತು? ಇವೆಲ್ಲ ಅಂದವಾದವು, ಸಾಧುವಾದವು. ಆದರೆ ಹೊಸಬನ ಮನೆಯಲ್ಲಿ ಹಸಿವಿನಿಂದ ಸಾಯುವಂತಹವು. ಪ್ರಾಸಂಗಿಕವಾಗಿ ಒಂದು ಮಾತು: ಈ ಕ್ಲೀನರ್ ಮೀನಿನ ವೇಷವನ್ನೇ ಧರಿಸಿ, ನಂಬಿ ನಿಂತ ಮೀನಿನ ರೆಕ್ಕೆಯನ್ನು ಕಚ್ಚಿಕೊಂಡು ಓಡುವ ಬೇರೊಂದು ಮೀನೂ ಕಡಲಿನಲ್ಲಿದೆ. ಬಕವ್ರತವು ಕೊಕ್ಕರೆಗೆ ಮಾತ್ರ ಮೀಸಲಲ್ಲವೆಂದಾಯಿತು.

ಐದನೆಯದು ಪ್ರವೇಶಕ್ರಮ. ನಾನು ಎಡವಿದ್ದು ಇಲ್ಲಿಯೇ. ಮೊದಲು ಬಂದ ಮೀನು ತೊಟ್ಟಿಯೆಲ್ಲವೂ ತನ್ನದೆಂದು ತಿಳಿಯುವುದು. ಅನಂತರ ಬಂದವನು ಅದರ ಕಣ್ಣಿಗೆ ಅತಿಥಿಯಲ್ಲ, ಕಳ್ಳ. ಆದುದರಿಂದ ಎಲ್ಲಕ್ಕಿಂತ ಅಂಜುಬುರುಕವಾದುದು ಮೊದಲು ಬರಬೇಕು. ಎಲ್ಲಕ್ಕಿಂತ ಗಡಸಾದುದು ಕೊನೆಗೆ ಬರಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೆಲವು ವಾರಗಳ ಬಿಡುವಿರಬೇಕು.

ಈ ಐದನ್ನೂ ಅನುಸರಿಸಿ ಮಾಡಿದ ಒಂದು ಸಂಸಾರದ ಮಾದರಿಯನ್ನು ಹೇಳುವೆನು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು ೧೯೦ ಲೀಟರು ನೀರು ಹಿಡಿಯುವುದು. ಕಲ್ಲು ಮರಳು ತುಂಬಿದಮೇಲೆ ಇನ್ನೂ ಕಡಿಮೆ. ಇಷ್ಟರಲ್ಲಿ ಐದು ಸಣ್ಣ ಮೀನುಗಳು ಸಾಕು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ನಮ್ಮವರ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುವುದು.

ಮೊದಲು ಒಂದು ಫೈರ್‌ಫಿಷ್. ತೊಟ್ಟಿಗೆ ಸಂದಿಲ್ಲದಂತೆ ಬಲೆಯ ಮುಚ್ಚಳವನ್ನು ಹಾಕಿದಮೇಲೆ ಮಾತ್ರ. ಅನಂತರ ಮರಳಿನ ಅಂತಸ್ತಿಗೆ ಒಂದು ಗೋಬಿ. ಗೋಬಿಯೆಂದೊಡನೆ ಗೃಹಿಣಿಯರು ಹೂಕೋಸೆಂದು ತಿಳಿಯಬಾರದು. ಇದು ಬೆರಳುದ್ದದ ಮೀನು. ಇದರ ಕೆಲವು ಜಾತಿಗಳು ಪಿಸ್ತೂಲು ಸೀಗಡಿಯೆಂಬ ಜೀವಿಯ ಜೊತೆಗೆ ಒಂದೇ ಬಿಲದಲ್ಲಿ ವಾಸಿಸುವುವು. ಸೀಗಡಿಗೆ ಕಣ್ಣು ಬಲು ಮಂದ, ಆದರೆ ಅಗೆಯುವುದರಲ್ಲಿ ನಿಪುಣ. ಗೋಬಿಗೆ ಅಗೆಯುವ ಶಕ್ತಿ ಸಾಲದು, ಆದರೆ ಕಣ್ಣು ಚುರುಕು. ಸೀಗಡಿಯು ಮರಳನ್ನು ಹೊರಗೆ ತಳ್ಳುವಾಗ ತನ್ನ ಮೀಸೆಯೊಂದನ್ನು ಗೋಬಿಯ ಮೈಗೆ ತಗುಲಿಸಿಕೊಂಡಿರುವುದು. ಅಪಾಯವನ್ನು ಕಂಡೊಡನೆ ಗೋಬಿಯು ಬಾಲವನ್ನು ಅಲುಗಿಸುವುದು. ಇಬ್ಬರೂ ಒಳಗೆ ಸೇರುವರು. ಕುರುಡನೂ ಕುಂಟನೂ ಒಬ್ಬರಿಗೊಬ್ಬರು ನೆರವಾದ ಹಳೆಯ ದೃಷ್ಟಾಂತವನ್ನು ಹೇಳಿಕೊಡುತ್ತಿದ್ದ ನನಗೆ ಇದನ್ನು ಕಂಡು ಆದ ಆನಂದವು ಅಷ್ಟಿಷ್ಟಲ್ಲ.

ಮೂರನೆಯದಾಗಿ ಬಂಗಾಯ್ ಕಾರ್ಡಿನಲ್ ಒಂದು. ಇಂಡೊನೇಷ್ಯದ ಬಂಗಾಯ್ ದ್ವೀಪಗಳ ಮೀನಿದು. ಇದರ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸವಿದ್ದು ಮರಿ ಮಾಡುವುದು. ಅತಿಯಾಗಿ ಹಿಡಿದುದರ ಫಲವಾಗಿ ೨೦೦೭ರಲ್ಲಿ ಇದನ್ನು ಅಳಿವಿನಂಚಿನ ಜಾತಿಗಳ ಪಟ್ಟಿಗೆ ಸೇರಿಸಲಾಯಿತು. ಆದುದರಿಂದ ಸೆರೆಯಲ್ಲಿಯೇ ಹುಟ್ಟಿ ಬೆಳೆದುದನ್ನಲ್ಲದೆ ಬೇರೆಯದನ್ನು ಕೊಳ್ಳಬಾರದು.

ಕೊನೆಗೆ ಕಿತ್ತಳೆಯ ಮೈಯ ಮೇಲೆ ಬಿಳಿಯ ಪಟ್ಟಿಗಳುಳ್ಳ ಕ್ಲೌನ್ ಮೀನುಗಳ ಜೋಡಿ. ಕಡಲಿನಲ್ಲಿ ಇವು ಅನಿಮೋನಿಯೆಂಬ ವಿಷದ ಕುಡಿಗಳುಳ್ಳ ಹೂವಿನಂತಹ ಪ್ರಾಣಿಯ ನಡುವೆ ವಾಸಿಸುವುವು. ತೊಟ್ಟಿಯಲ್ಲಿ ಅದಿಲ್ಲದೆಯೂ ಸುಖವಾಗಿರಬಲ್ಲುವು. ಇವುಗಳ ಸಂಸಾರವು ವಿಚಿತ್ರ. ಹುಟ್ಟಿದಾಗ ಯಾವುದೂ ಹೆಣ್ಣಲ್ಲ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗಿ ಯಜಮಾನಿಕೆಯನ್ನು ವಹಿಸುವುದು; ಎರಡನೆಯದು ಅದರ ಪತಿ; ಉಳಿದವು ಬೆಳೆಯದ ಮರಿಗಳಂತೆಯೇ ಇರುವುವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಡುವುದು. ಆದುದರಿಂದ ಒಂದು ಸಣ್ಣದನ್ನೂ ಅದಕ್ಕಿಂತ ತುಸು ದೊಡ್ಡದನ್ನೂ ಒಟ್ಟಿಗೆ ತಂದರೆ ಅವು ತಾವೇ ಜೋಡಿಯಾಗುವುವು. ಮೂರನೆಯದು ಮಾತ್ರ ಬೇಡ. ಹತ್ತು ವರ್ಷಕ್ಕಿಂತ ಹೆಚ್ಚು ಬಾಳಬಲ್ಲ ಮೀನಿದು. ಕೊಳ್ಳುವವನು ತನ್ನ ವಯಸ್ಸನ್ನೂ ಸ್ವಲ್ಪ ಲೆಕ್ಕ ಹಾಕಿಕೊಳ್ಳುವುದು ಮೇಲು. ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನೂ ಕೆಲವು ಡ್ಯಾಮ್ಸೆಲ್‌ಗಳನ್ನೂ ತೊಟ್ಟಿಗಳಲ್ಲಿಯೇ ಮರಿಮಾಡಿಸುವ ವಿಧಾನವನ್ನು ಸಿದ್ಧಪಡಿಸಿರುವರೆಂಬುದು ಸಂತೋಷದ ವಿಷಯ.

ಸೆರೆಯಲ್ಲಿ ಹುಟ್ಟಿದ ಮೀನನ್ನೇ ಏಕೆ ಕೊಳ್ಳಬೇಕು? ಅದು ತೊಟ್ಟಿಯ ನೀರಿಗೂ ನಮ್ಮ ಊಟಕ್ಕೂ ಮೊದಲೇ ಹೊಂದಿಕೊಂಡಿರುವುದು ಒಂದು ಕಾರಣ. ಎರಡನೆಯ ಕಾರಣವು ಇನ್ನೂ ಗುರುತರವಾದುದು. ಅಲಂಕಾರದ ಮೀನುಗಳನ್ನು ಸಯನೈಡು ವಿಷವನ್ನು ಚಿಮುಕಿಸಿ ಮೂರ್ಛೆಗೊಳಿಸಿ ಹಿಡಿಯುವ ಕ್ರೂರಪದ್ಧತಿಯು ೧೯೬೦ರ ದಶಕದಲ್ಲಿ ಫಿಲಿಪ್ಪೀನ್ಸ್ ದೇಶದಲ್ಲಿ ಆರಂಭವಾಯಿತು. ಅದರಿಂದ ಸುತ್ತಲ ಹವಳವೂ ಸಾಯುವುದು. ಹಿಡಿದ ಮೀನೂ ಎಷ್ಟೋ ವೇಳೆ ಕೆಲವು ವಾರಗಳಲ್ಲಿಯೇ ಸಾಯುವುದು. ನಮ್ಮ ಕರಾವಳಿಯಲ್ಲಿಯೂ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವೂ ಬಣ್ಣದ ಮೀನುಗಳೂ ಇರುವುವು. ಅವನ್ನು ಅಲ್ಲಿಯೇ ಹೋಗಿ ನೋಡಿ ಬರುವುದು ಲೇಸು. ಕಡಲಕುದುರೆಗಳನ್ನೂ ಹವಳವನ್ನೂ ೨೦೦೧ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಶಾಸನದ ರಕ್ಷಣೆಗೆ ಒಳಪಡಿಸಲಾಗಿದೆ. ನಮ್ಮ ಕಡಲಿನಿಂದ ಅವನ್ನು ತೆಗೆಯುವುದು ಅಪರಾಧ.

ಹೊಸ ಮೀನನ್ನು ತಂದಾಗ ಮಾಡತಕ್ಕ ಉಪಚಾರವಿಷ್ಟು. ಮೊದಲು ಬೇರೆ ತೊಟ್ಟಿಯಲ್ಲಿ ನಾಲ್ಕು ವಾರವಾದರೂ ಇರಿಸಿ, ಮೈಮೇಲೆ ಉಪ್ಪಿನ ಹರಳಿನಂತೆ ಕಾಣುವ ಬಿಳಿಚುಕ್ಕೆಯ ರೋಗವಿಲ್ಲವೆಂದೂ ಚೆನ್ನಾಗಿ ತಿನ್ನುತ್ತಿದೆಯೆಂದೂ ಖಚಿತಮಾಡಿಕೊಳ್ಳಬೇಕು. ದೊಡ್ಡ ತೊಟ್ಟಿಗೆ ಬಿಡುವ ದಿನ ಹಳೆಯ ಮೀನುಗಳಿಗೆ ಮೊದಲೇ ಊಟ ಹಾಕಬೇಕು. ಕಲ್ಲುಗಳ ಸ್ಥಾನವನ್ನು ಬದಲಾಯಿಸಬೇಕು. ಹೀಗೆ ಮಾಡಿದರೆ ಹಳಬರ ಗಡಿಗುರುತುಗಳು ಅಳಿಸಿಹೋಗಿ ಎಲ್ಲರೂ ಹೊಸಬರೇ ಆಗುವರು. ಹೊಸ ಮೀನನ್ನು ತೂತುಗಳುಳ್ಳ ಪಾರದರ್ಶಕ ಡಬ್ಬಿಯಲ್ಲಿಟ್ಟು ಎರಡು ಮೂರು ದಿನ ಆ ನೀರಿನಲ್ಲಿಯೇ ತೇಲಬಿಟ್ಟು, ಹಳಬರು ಅದನ್ನು ನೋಡಿ ನೋಡಿ ಬೇಸತ್ತಮೇಲೆ, ದೀಪವಾರಿಸಿದ ಹೊತ್ತಿನಲ್ಲಿ ಬಿಡುಗಡೆ ಮಾಡಬೇಕು. ಅನಂತರದ ಒಂದು ವಾರ ದಿನಕ್ಕೆರಡು ಸಲವಾದರೂ ತೊಟ್ಟಿಯ ಮುಂದೆ ಕುಳಿತು ನೋಡಬೇಕು. ಹರಿದ ರೆಕ್ಕೆ, ಮೂಲೆ ಹಿಡಿದು ಕೂರುವುದು, ಊಟಕ್ಕೆ ಬಾರದಿರುವುದು, ಈ ಮೂರರಲ್ಲಿ ಒಂದನ್ನು ಕಂಡರೂ ಆ ದಿನವೇ ಬೇರ್ಪಡಿಸಬೇಕು. ನಾಳೆ ಸರಿಹೋದೀತೆಂಬ ಮಾತಿಗೆ ಏನು ಬೆಲೆ ತೆರಬೇಕಾಯಿತೆಂಬುದನ್ನು ಮೇಲೆಯೇ ಹೇಳಿರುವೆನು.

ನನ್ನ ಕರಿಮೀನು ಏನಾಯಿತೆಂದು ವಾಚಕರು ಕೇಳಬಹುದು. ಅದರದೇನೂ ತಪ್ಪಿರಲಿಲ್ಲ, ತನ್ನ ಸ್ವಭಾವದಂತೆ ಅದು ನಡೆದುಕೊಂಡಿತು. ಹೊಂದದ ಮೀನನ್ನು ಕೆರೆಗಾಗಲಿ ಕಡಲಿಗಾಗಲಿ ಎಸೆಯುವುದು ಇನ್ನೊಂದು ಅನ್ಯಾಯ: ಕೆರೆಗೆ ಹಾಕಿದರೆ ಅದು ಸಾಯುವುದು, ಅನ್ಯದೇಶದ ಕಡಲಿಗೆ ಹಾಕಿದರೆ ಇತರರನ್ನು ಸಾಯಿಸಬಹುದು. ಹಿಂದೂ ಮತ್ತು ಪೆಸಿಫಿಕ್ ಸಾಗರಗಳ ಸಿಂಹಮೀನು ೧೯೮೦ರ ದಶಕದಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡು, ಈಗ ಕೆರಿಬಿಯನ್ ಕಡಲಿನಲ್ಲೆಲ್ಲ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ಬರಿದುಮಾಡುತ್ತಿದೆ. ಮನೆಯ ತೊಟ್ಟಿಗಳಿಂದ ಹೊರಬಿದ್ದ ಮೀನುಗಳೇ ಇದಕ್ಕೆ ಮೂಲವೆಂದು ತಜ್ಞರು ಭಾವಿಸುವರು. ನಾನು ಕರಿಮೀನನ್ನು ಆರಡಿಯ ತೊಟ್ಟಿಯುಳ್ಳ ಪರಿಚಿತರೊಬ್ಬರಿಗೆ ಒಪ್ಪಿಸಿದೆನು. ಅಲ್ಲಿ ತನಗಿಂತ ದೊಡ್ಡವರ ನಡುವೆ ಅದು ಮರ್ಯಾದೆಯಿಂದ ಬಾಳುತ್ತಿದೆ.

ನಮ್ಮ ತೊಟ್ಟಿಯಲ್ಲಿ ಈಗ ಮೇಲೆ ಹೇಳಿದ ಐದು ಮೀನುಗಳೂ ಒಂದು ಸೀಗಡಿಯೂ ಇರುವುವು. ನೆಂಟರು ಬಂದವರು, "ಇಷ್ಟು ದೊಡ್ಡ ತೊಟ್ಟಿಯಲ್ಲಿ ಐದೇ ಮೀನೇ?" ಎಂದು ಕೇಳುವುದುಂಟು. ಉತ್ತರ ಹೇಳುವ ಕೆಲಸವನ್ನು ನಾನು ಮೊಮ್ಮಗಳಿಗೆ ಬಿಟ್ಟಿರುವೆನು. ಅವಳು ಮೇಜಿನ ಬಳಿ ಹೋಗಿ, ಒಂದೊಂದು ಕಲ್ಲಿನ ಸಂದನ್ನೂ ಬೆರಳಿನಿಂದ ತೋರಿಸುತ್ತ, "ಇದು ಇದರ ಮನೆ, ಇದು ಅದರ ಮನೆ, ಇದು ಯಾರಿಗಾದರೂ ಹೆದರಿಕೆಯಾದರೆ ಓಡಿಹೋಗೋದಕ್ಕೆ" ಎಂದು ಹೇಳುವಳು. ಆ ಕೊನೆಯ ಸಂದಿನಲ್ಲಿ ಯಾರೂ ಇರುವುದಿಲ್ಲ. ಅದು ಖಾಲಿಯಾಗಿಯೇ ಇರಲೆಂಬುದು ನಮ್ಮಿಬ್ಬರ ಆಸೆ.